ಹಳೆಯ ಗಣಕಯಂತ್ರ, ಹಳೆಯ ಹಾರ್ಮೋನಿಯಂ

2025ರ ಕಾರ್ತಿಕ ಮಾಸದಲ್ಲಿ ಬೆಂಗಳೂರಿನ ಬಸವೇಶ್ವರನಗರದ ಭಕ್ತರೊಬ್ಬರ ಮನೆಗೆ ಇಷ್ಟಲಿಂಗ ಪೂಜೆಗೆಂದು ನಾವು ಹೋಗಿದ್ದೆವು. ಪೂಜೆ, ಪ್ರಸಾದ ಮುಗಿದ ಮೇಲೆ ಮನೆಯ ಯಜಮಾನರು ಕೈಮುಗಿದು ನಿಂತು, "ಬುದ್ಧಿ, ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯವಿದೆ, ತಾವೇ ಅಪ್ಪಣೆ ಕೊಡಿಸಬೇಕು" ಎಂದರು. ಆಸ್ತಿ ಪಾಲಿನ ವಿಷಯವಿರಬೇಕೆಂದು ನಾವು ಭಾವಿಸಿದೆವು. ಮಠಕ್ಕೆ ಬರುವ ವ್ಯಾಜ್ಯಗಳಲ್ಲಿ ಬಹುಪಾಲು ಅಂಥವೇ. ಆದರೆ ವ್ಯಾಜ್ಯವಿದ್ದದ್ದು 22,000 ರೂಪಾಯಿಗಳದು.

ಆ ಭಕ್ತರು ಮನೆಯಲ್ಲೇ ಕುಳಿತು ಸಣ್ಣಪುಟ್ಟ ಅಂಗಡಿಗಳವರ ಲೆಕ್ಕಪತ್ರ ಬರೆದು, ಜಿಎಸ್‌ಟಿ ವಿವರಗಳನ್ನು ಸಲ್ಲಿಸಿಕೊಟ್ಟು ಜೀವನ ಸಾಗಿಸುವವರು. ಬಾಡಿಗೆ ಮನೆ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಗುಬ್ಬಿ ಸೀಮೆಯ ಹಳ್ಳಿಯಿಂದ ಬಂದ 84 ವರ್ಷದ ತಂದೆ ಜೊತೆಯಲ್ಲಿದ್ದಾರೆ. ವರ್ಷವೆಲ್ಲಾ ಚೀಟಿ ಕಟ್ಟಿ ಕೂಡಿಸಿದ ಹಣ ಅದು. 2016ರಲ್ಲಿ ಕೊಂಡ ಗಣಕಯಂತ್ರ ಈಗ ಬೆಳಗಾದರೆ ಏಳಲು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಒಮ್ಮೆ ತಿಂಗಳ ಇಪ್ಪತ್ತನೆಯ ತಾರೀಖಿನಂದೇ ಕೈಕೊಟ್ಟು, ಗಿರಾಕಿಯೊಬ್ಬರ ವಿವರ ಸಲ್ಲಿಕೆ ತಪ್ಪಿ, ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕವನ್ನು ಇವರೇ ಕೈಯಿಂದ ತೆತ್ತರಂತೆ. ಯಂತ್ರವನ್ನು ಬದಲಿಸಬೇಕೆಂಬುದು ಮಗನ ವಾದ. ತಂದೆಯವರಿಗೊಂದು ಹಾರ್ಮೋನಿಯಂ ತರಬೇಕೆಂಬುದು ಯಜಮಾನರ ಆಸೆ. ಎರಡಕ್ಕೂ ಸಾಲುವಷ್ಟು ಹಣವಿಲ್ಲ.

ನಮಗೆ ಆಗ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಕಾಯಕದ ಸಲಕರಣೆ ಮೊದಲು, ಹವ್ಯಾಸ ಆಮೇಲೆ" ಎಂದುಬಿಟ್ಟೆವು. ಮೂಲೆಯ ಮಂಚದ ಮೇಲೆ ಕುಳಿತಿದ್ದ ಹಿರಿಯರೂ, "ಅದೇ ಸರಿ ಬುದ್ಧಿ. ನನಗೆ ಪೆಟ್ಟಿಗೆ ಯಾಕೆ ಈಗ? ಅನ್ನ ಕೊಡೋ ಯಂತ್ರ ಮೊದಲು ನೆಟ್ಟಗಾಗಲಿ" ಎಂದರು. ಯಜಮಾನರು ಮರುಮಾತಾಡದೆ ತಲೆಬಾಗಿದರು.

ಮರಳುವಾಗ ನಮ್ಮ ವಾಹನ ಅದೇ ಬಡಾವಣೆಯ ಡಾ. ಸಿದ್ದಯ್ಯ ಪುರಾಣಿಕ ರಸ್ತೆಯಲ್ಲಿ ಬಂದಿತು. ಆ ಹೆಸರಿನ ಫಲಕ ಕಂಡಾಗ ನಮ್ಮ ತೀರ್ಪು ನಮ್ಮನ್ನೇ ಚುಚ್ಚತೊಡಗಿತು. ಪುರಾಣಿಕರು ಐಎಎಸ್ ಅಧಿಕಾರಿಗಳಾಗಿದ್ದವರು. ಸಂಬಳ ಬರುತ್ತಿದ್ದದ್ದು ಕಚೇರಿಯ ಕಡತಗಳಿಂದ. ಆದರೆ 1994ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ನಾಡು ಅವರನ್ನು ನೆನೆಯುತ್ತಿರುವುದು ಕಡತಗಳಿಗಾಗಿ ಅಲ್ಲ, ಬಿಡುವಿನಲ್ಲಿ ಬರೆದ ಕವಿತೆ, ವಚನಗಳಿಗಾಗಿ.

ಅವರಿಗಿಂತ ಹಿಂದಿನ ಮಾತು. ವಿಜಯಪುರದ ಫ.ಗು. ಹಳಕಟ್ಟಿಯವರು ವಕೀಲರು. ಹಳ್ಳಿ ಹಳ್ಳಿ ತಿರುಗಿ ತಾಡೋಲೆಗಳನ್ನು ಕೂಡಿಹಾಕುವುದು ಅವರ ಗೀಳು. ಕಕ್ಷಿದಾರರ ಕಣ್ಣಿಗೆ ಅದು ಒಂದು ಹವ್ಯಾಸವಾಗಿಯೇ ಕಂಡಿರಬೇಕು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದಿತು. 1925ರಲ್ಲಿ ವಾಸದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ತಾವು ಮಾತ್ರ ಹರಿದ ಕೋಟು ತೊಟ್ಟೇ ಓಡಾಡಿದರು. ಅಂದು ಯಾರಾದರೂ ಅವರಿಗೆ "ವಕೀಲಿಯೇ ಕಾಯಕ, ಓಲೆಗರಿ ಹವ್ಯಾಸ, ಮೊದಲು ಕಾನೂನು ಪುಸ್ತಕ ಕೊಳ್ಳಿ" ಎಂದು ಅಪ್ಪಣೆ ಕೊಡಿಸಿ, ಅವರೂ ಅದನ್ನು ಪಾಲಿಸಿದ್ದರೆ! ಯಾವುದು ಕಾಯಕ, ಯಾವುದು ಹವ್ಯಾಸ ಎಂಬುದು ಹೊರಗಿನವರು ಐದು ನಿಮಿಷದಲ್ಲಿ ಹೇಳಿಬಿಡುವಂಥ ಮಾತಲ್ಲ. ನಾವು ಹೇಳಿಬಿಟ್ಟಿದ್ದೆವು.

ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಮಠಕ್ಕೂ ಒಂದು ಗಣಕಯಂತ್ರ ಬಂದಿತ್ತು. ಗ್ರಂಥ ಪ್ರಕಟಣೆಗೆ ಬೇಕೆಂದು ಹೇಳಿ ತರಿಸಿದವರು ನಾವೇ. ಅದೇ ವರ್ಷ ಪ್ರಸಾದ ನಿಲಯದ ಮಕ್ಕಳ ಹಾಸಿಗೆಗಳು ಹರಿದಿದ್ದವು. ಯಂತ್ರ ಬಂತು, ಅದನ್ನು ನಡೆಸಬಲ್ಲವರು ಮಠದಲ್ಲಿ ಯಾರೂ ಇರಲಿಲ್ಲ. ಕಸೂತಿ ಹಾಕಿದ ಬಟ್ಟೆ ಹೊದಿಸಿ ಇಟ್ಟೆವು. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ, ಕುಂಕುಮ, ಹೂವು. ಎರಡು ವರ್ಷ ಅದು ಮಾಡಿದ ಕೆಲಸವೆಂದರೆ ಪೂಜೆ ಮಾಡಿಸಿಕೊಂಡದ್ದು. ಗ್ರಂಥ ಎಂದಿನಂತೆ ಊರಿನ ಅಚ್ಚುಕೂಟದಲ್ಲೇ ಮುದ್ರಣವಾಯಿತು. ಕಾಯಕದ ಹೆಸರಿನಲ್ಲಿ ನಾವು ಕೊಂಡದ್ದು ಒಂದು ಶೋಕಿಯನ್ನು. ಹಾರ್ಮೋನಿಯಂ ಬೇಕೆನ್ನುವವನು ತನ್ನ ಆಸೆಯನ್ನು ಆಸೆಯೆಂದೇ ಹೇಳಿಕೊಳ್ಳುತ್ತಾನೆ. ಹೊಸ ಯಂತ್ರ ಬೇಕೆನ್ನುವವನಿಗೆ ಹೇಳಿಕೊಳ್ಳಲು ಒಳ್ಳೆಯ ಕಾರಣವೊಂದು ಯಾವಾಗಲೂ ಸಿದ್ಧವಾಗಿರುತ್ತದೆ. ಎರಡೆಕರೆ ಹೊಲಕ್ಕೆ ಸಾಲ ಮಾಡಿ ಟ್ರ್ಯಾಕ್ಟರ್ ತಂದವರನ್ನು ಹಳ್ಳಿಯ ಹಿರಿಯರು ಕಂಡಿದ್ದೀರಿ. ಅವರೂ ಬೇಸಾಯದ ಹೆಸರನ್ನೇ ಹೇಳಿದ್ದರಲ್ಲವೆ?

ಮರುದಿನ ಬೆಳಿಗ್ಗೆ ಆ ಭಕ್ತರನ್ನು ಮಗನೊಂದಿಗೆ ನಾವು ತಂಗಿದ್ದ ಸ್ಥಳಕ್ಕೆ ಕರೆಸಿದೆವು. ಯಂತ್ರಕ್ಕೆ ನಿಜವಾಗಿ ಏನು ಬೇಕಾಗಿದೆ ಎಂದು ಕೇಳಿದೆವು. ಹುಡುಗ ಪ್ರಾಮಾಣಿಕ. ಹೊಸದಕ್ಕೆ 42,000 ಆಗುತ್ತದೆ, ಉಳಿದ 20,000ಕ್ಕೆ ಕಂತು ಕಟ್ಟಬಹುದು ಎಂದ. ಅದರಲ್ಲಿ ಆಟಗಳನ್ನು ಚೆನ್ನಾಗಿ ತೋರಿಸುವ ಬಿಡಿಭಾಗವೂ ಸೇರಿದೆಯೇ ಎಂದು ಕೇಳಿದಾಗ ತಲೆ ತಗ್ಗಿಸಿ ನಕ್ಕ. ನಾವೂ ನಕ್ಕೆವು.

ಆಮೇಲೆ ಅವನೇ ನಮಗೆ ಯಂತ್ರದ ಒಳಮರ್ಮವನ್ನು ತಿಳಿಸಿಕೊಟ್ಟ. ಹಳ್ಳಿಯ ಭಕ್ತರಿಗೆ ಅರ್ಥವಾಗಲೆಂದು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಗಣಕಯಂತ್ರದಲ್ಲಿ ಒಂದು ಕಣಜವಿದೆ, ಒಂದು ಕಣವಿದೆ. ಎಲ್ಲ ಲೆಕ್ಕಪತ್ರ ತುಂಬಿಡುವ ಡಿಸ್ಕೇ ಕಣಜ. ಕೆಲಸ ನಡೆಯುವಾಗ ಬೇಕಾದಷ್ಟನ್ನು ಹರವಿಕೊಳ್ಳುವ ರ‍್ಯಾಮ್ ಎಂಬುದು ಕಣ. ಹಳೆಯ ಯಂತ್ರಗಳ ಡಿಸ್ಕು ಗಾಣದಂತೆ ಸುತ್ತುತ್ತದೆ. ಸುತ್ತಿ ಸುತ್ತಿ ಹುಡುಕಿ ತೆಗೆಯಬೇಕು, ಆದ್ದರಿಂದ ನಿಧಾನ. ಈಗ ಬರುವ ಎಸ್‌ಎಸ್‌ಡಿ ಎಂಬ ಡಿಸ್ಕಿನಲ್ಲಿ ಸುತ್ತುವ ಭಾಗವೇ ಇಲ್ಲ. ಹಳೆಯ ಯಂತ್ರಕ್ಕೆ ಇದೊಂದನ್ನು ಹಾಕಿಸಿದರೂ ಅದು ಬಹಳ ಚುರುಕಾಗುತ್ತದಂತೆ. ಪುರಭವನದ ಬಳಿಯ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಜೋಡಿಸಿಕೊಡಲು 3,200 ರೂಪಾಯಿ ಹೇಳಿದ್ದರು. ರ‍್ಯಾಮ್ ಬೆಲೆ ಮಾತ್ರ 2025ರ ಕೊನೆಯ ತಿಂಗಳುಗಳಲ್ಲಿ ಏರುತ್ತಾ ಹೋಗಿತ್ತು. ಕೃತಕ ಬುದ್ಧಿಮತ್ತೆಗಾಗಿ ಜಗತ್ತಿನ ದೊಡ್ಡ ಕಂಪನಿಗಳು ಕಟ್ಟುತ್ತಿರುವ ಕೇಂದ್ರಗಳೇ ಅದನ್ನೆಲ್ಲಾ ಕೊಳ್ಳುತ್ತಿರುವುದು ಕಾರಣ. ಅಮೆರಿಕದಲ್ಲಿ ಯಾರೋ ಕಣ ದೊಡ್ಡದು ಮಾಡಿದರೆ ಬಸವೇಶ್ವರನಗರದಲ್ಲಿ ಗುಮಾಸ್ತಿಕೆ ಮಾಡುವವರ ಜೇಬಿಗೆ ಕತ್ತರಿ! ಆದ್ದರಿಂದ ಅದನ್ನು ಸದ್ಯಕ್ಕೆ ಬಿಟ್ಟೆವು.

ಉಳಿದದ್ದು ಒಂದೇ ಅಂಜಿಕೆ. ಆ ಯಂತ್ರ ನಡೆಯುವುದು ವಿಂಡೋಸ್ 10 ಎಂಬ ವ್ಯವಸ್ಥೆಯಿಂದ. ಅದಕ್ಕೆ ಕಂಪನಿಯವರು ಉಚಿತವಾಗಿ ಕೊಡುತ್ತಿದ್ದ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ಹೊಸ ವಿಂಡೋಸ್ 11 ಇಷ್ಟು ಹಳೆಯ ಯಂತ್ರವನ್ನು ಒಪ್ಪುವುದಿಲ್ಲ. ನಿಂತ ಮಾತ್ರಕ್ಕೆ ಯಂತ್ರವೇನೂ ಸಾಯುವುದಿಲ್ಲ. ಆದರೆ ಊರವರ ಲೆಕ್ಕಗಳನ್ನು ಬಾಗಿಲ ಚಿಲಕ ಸಡಿಲವಾದ ಮನೆಯಲ್ಲಿ ಇಟ್ಟಂತಾಗುತ್ತದೆ. ಇದು ಹಗುರವಾದ ಮಾತಲ್ಲ. ಪರರ ಹಣದ ಗುಟ್ಟು ಕಾಯುವುದೂ ಕಾಯಕದ ಭಾಗವೇ. ಹುಡುಗ ಒಂದು ದಾರಿ ಹೇಳಿದ. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ, ಒಂದು ವರ್ಷ ಕಾಲ, ಅದೇ ಕಂಪನಿ ರಕ್ಷಣೆಯನ್ನು ಮುಂದುವರಿಸುತ್ತದೆ. ಅದು ಮುಗಿಯುವಷ್ಟರಲ್ಲಿ ಹೊಸದನ್ನು ಕೊಳ್ಳಲಾಗದಿದ್ದರೆ, ಹಣವಿಲ್ಲದೆ ಸಿಗುವ ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯೂ ಇದೆ. ಆದರೆ ಲೆಕ್ಕದ ತಂತ್ರಾಂಶ ಅದರಲ್ಲಿ ನಡೆಯುವುದೋ ಇಲ್ಲವೋ ಮೊದಲು ನೋಡಬೇಕು ಎಂದ.

ಯಂತ್ರಕ್ಕೆ ಒಂದು ವರ್ಷದ ಗಡುವು ಸಿಕ್ಕಿತು. ಹಿರಿಯರ ಕಂಠಕ್ಕೆ ಅಂಥ ಗಡುವನ್ನು ಕೊಡುವವರು ಯಾರು? ಆ ಮಾತನ್ನು ನಾವು ಎತ್ತಿದಾಗ ಯಜಮಾನರ ಕಣ್ಣು ತುಂಬಿಬಂದವು. ಆಗ ಹೊರಬಂತು ಒಳಗಿನ ವಿಷಯ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಆ ಸೀಮೆಯ ಹಳ್ಳಿ ಹಳ್ಳಿಗಳಲ್ಲೂ ಹಾರ್ಮೋನಿಯಂ ನುಡಿಸುವವರಿದ್ದರು. ಈ ಹಿರಿಯರೂ ಊರ ಭಜನೆಯಲ್ಲಿ ತತ್ವಪದಗಳಿಗೆ ಹಾರ್ಮೋನಿಯಂ ಹಿಡಿದವರು. ಮಗಳ ಮದುವೆಯ ಕಾಲದಲ್ಲಿ ಒಡವೆಯ ಜೊತೆ ಆ ಪೆಟ್ಟಿಗೆಯನ್ನೂ ಮಾರಿದರು. ಮತ್ತೆ ಕೊಂಡಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಸಂಜೆ ಮಂಚದ ಅಂಚಿನ ಮೇಲೆ ಬೆರಳಾಡಿಸುತ್ತಾ ತಮ್ಮಷ್ಟಕ್ಕೆ ಗುನುಗುತ್ತಾರಂತೆ. ಹಿಂದಿನ ದಿನ ಅವರು "ನನಗೆ ಯಾಕೆ" ಎಂದದ್ದನ್ನು ನಾವು ವೈರಾಗ್ಯವೆಂದು ತಿಳಿದಿದ್ದೆವು. ಮನೆಯ ಹಿರಿಯರು ಬೇಡವೆಂದಾಗಲೆಲ್ಲಾ ಅದು ವೈರಾಗ್ಯವೇ ಆಗಿರಬೇಕಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ತಿಳಿದದ್ದೇ. ಪತಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳಿಸಿದ ತಾಯಿ ಆಕೆ. ನಾವು ಈ ಕಥೆಯನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿ, ಆಸೆ ಬಿಡಿ ಎಂದು ಉಪದೇಶಿಸಿದ್ದೇವೆ. ಆದರೆ ಲಕ್ಕಮ್ಮ ಅಕ್ಕಿಯೇ ಬೇಡವೆನ್ನಲಿಲ್ಲ. ಅಂದಿಗೆ ಎಷ್ಟು ಬೇಕೆಂಬುದನ್ನು ಬಲ್ಲವಳಾಗಿದ್ದಳು. 42,000ದ ಯಂತ್ರದಲ್ಲಿ ಆ ಮನೆಗೆ ಅಂದಿಗೆ ಬೇಕಾಗಿದ್ದದ್ದು 3,200 ಮಾತ್ರ.

ಹಾಗಾಗಿ ನಾವು ಹಿಂದಿನ ದಿನದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು. ಪೀಠದಲ್ಲಿ ಕುಳಿತವರು ಕೊಟ್ಟ ಮಾತು ಬದಲಿಸಬಾರದೆಂದು ಜೊತೆಯಲ್ಲಿದ್ದ ಶಿಷ್ಯರೊಬ್ಬರಿಗೆ ಅಸಮಾಧಾನ. ಇರಲಿ. ಡಿಸ್ಕು ಹಾಕಿಸಿ, ನೋಂದಣಿ ಮಾಡಿಸಿ, ಹಾರ್ಮೋನಿಯಂ ತನ್ನಿ, ಆದರೆ ಹೊಸದು ಬೇಡ ಎಂದೆವು. ತುಮಕೂರಿನಲ್ಲಿ ನಾಟಕದ ಮೇಷ್ಟ್ರೊಬ್ಬರ ಮನೆಯಲ್ಲಿದ್ದ ಹಳೆಯ ಪೆಟ್ಟಿಗೆ 9,000ಕ್ಕೆ ಸಿಕ್ಕಿತು. ತಿದಿಯಲ್ಲಿ ಸಣ್ಣ ಸೀಳು, ಅದನ್ನು ಅವರೇ ಅಂಟಿಸಿಕೊಟ್ಟರಂತೆ. ಉಳಿದ 9,800 ಮುಂದಿನ ಯಂತ್ರಕ್ಕೆಂದು ಅಂಚೆ ಕಚೇರಿ ಸೇರಿತು. ಇದೇ ಲೆಕ್ಕವನ್ನು ನಿಮ್ಮ ಮನೆಗೂ ಹಾಕಬೇಡಿ. ಆ ಹಿರಿಯರಿಗೆ ನಲವತ್ತು ವರ್ಷವಾಗಿದ್ದು, ಯಂತ್ರ ಪೂರ್ಣ ಕೆಟ್ಟು ಕುಳಿತಿದ್ದರೆ ನಮ್ಮ ಮೊದಲ ಮಾತೇ ನಿಲ್ಲುತ್ತಿತ್ತು.

ಕೆಲವು ವಾರಗಳ ನಂತರ ಆ ಹುಡುಗ ಫೋನ್ ಮಾಡಿದ್ದ. ಯಂತ್ರ ಈಗ ಒಂದು ನಿಮಿಷದೊಳಗೆ ಏಳುತ್ತದಂತೆ. ಹಾರ್ಮೋನಿಯಂನ ಶ್ರುತಿ ಒಂದು ಮನೆಯಲ್ಲಿ ಸರಿಯಿಲ್ಲವೆಂದು ತಾತ ದಿನವೂ ಗೊಣಗುತ್ತಾ, ದಿನವೂ ಅದನ್ನೇ ನುಡಿಸುತ್ತಾರಂತೆ. ತೆಗೆದಿಟ್ಟ ಹಳೆಯ ಡಿಸ್ಕನ್ನು ಗುಜರಿಗೆ ಹಾಕಲೇ ಎಂದು ಕೇಳಿದ. ಅದರಲ್ಲಿ ಊರವರ ಲೆಕ್ಕವಿದೆ, ಎಲ್ಲಕ್ಕೂ ಬೇರೆಡೆ ಪ್ರತಿ ಮಾಡಿಟ್ಟು, ಪೂರ್ತಿ ಅಳಿಸುವವರೆಗೆ ಯಾರ ಕೈಗೂ ಕೊಡಬೇಡ ಎಂದು ಹೇಳಿದೆವು.