‘ವಿಚ್ ಕಂಟ್ರಿ?’ ‘ಯಲ್ಲಾಪುರ ರೀ’

ನವೆಂಬರ್ ಬಂತು ಅಂದ್ರೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಂಪನಿಗಳಲ್ಲಿ ಹಳದಿ-ಕೆಂಪು ಶಾಲು, ಡೊಳ್ಳು, ಹೋಳಿಗೆ ಊಟ. ಮಾಡ್ಲಿ, ಸಂತೋಷ. ನನ್ನ ತಕರಾರು ಹೋದ ವರ್ಷದ ನಮ್ಮ ರಾಜ್ಯೋತ್ಸವದ ಒಂದು ‘ಐಟಂ’ ಬಗ್ಗೆ. ಉತ್ತರ ಕನ್ನಡದಿಂದ ಬಂದಿದ್ದ ಸಿದ್ದಿ ತಂಡವನ್ನು ನಿರೂಪಕಿ ವೇದಿಕೆಗೆ ಕರೆದದ್ದು ‘ಆಫ್ರಿಕನ್ ಟ್ರೈಬಲ್ ಡ್ಯಾನ್ಸ್’ ಅಂತ. ಸೊಂಟಕ್ಕೆ ಎಲೆ, ಮುಖಕ್ಕೆ ಬಿಳಿ ಬಣ್ಣ. ಕುಣಿತ ಮುಗಿದ ಮೇಲೆ ಸೆಲ್ಫಿಗೆ ನಿಂತವನೊಬ್ಬ ‘ವಿಚ್ ಕಂಟ್ರಿ?’ ಅಂತ ಕೇಳಿದ. ‘ಯಲ್ಲಾಪುರ ರೀ’ ಅಂದ್ರು ಆ ಹುಡುಗ.

ಸಿದ್ದಿಗಳ ಪೂರ್ವಜರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರಲ್ಲಿ ಗೋವೆಯ ಪೋರ್ಚುಗೀಸರು ಮುಖ್ಯರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು ನೂರಾರು ವರ್ಷದಿಂದ ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ಮಾತ್ರ 2003ರಲ್ಲಿ. ಧಾರವಾಡ, ಬೆಳಗಾವಿಯ ಸಿದ್ದಿಗಳು ಅದಕ್ಕೂ 2020ರ ತನಕ ಕಾಯಬೇಕಾಯ್ತು.

ದಮಾಮಿ ಅಂದ್ರೆ ದಮಾಮ್ ಅನ್ನೋ ಚರ್ಮವಾದ್ಯದ ಸುತ್ತ ಹಾಡಿ ಕುಣಿಯೋದು. ಹಿಂದೂ ಸಿದ್ದಿಗಳ ಮನೆಗಳಲ್ಲಿ ಮಹಾನವಮಿಗೆ ತೆಂಗಿನಕಾಯಿ ಇಟ್ಟು ಹಿರಿಯರನ್ನು ಪೂಜಿಸ್ತಾರೆ. ನಮ್ಮಲ್ಲಿ ಎಷ್ಟೋ ಊರುಗಳಲ್ಲಿ ಮಹಾಲಯಕ್ಕೆ ಹಿರಿಯರಿಗೆ ಎಡೆ ಇಡಲ್ವಾ? ಎಲೆ ಸುತ್ತಿಕೊಂಡು ಯಾರೂ ಗದ್ದೆಗೆ ಹೋಗಲ್ಲ ಸ್ವಾಮಿ. ಆ ಎಲೆ ನೋಡುವವರಿಗಾಗಿ, ಅಂದ್ರೆ ನಮಗಾಗಿ.

‘ಅವರಿಗೂ ನಾಲ್ಕು ಕಾಸು ಬರುತ್ತಲ್ಲಪ್ಪಾ, ನಿಂದೇನು?’ ಅಂದ ನನ್ನ ಟೀಮಿನ ಗೆಳೆಯ. ಬರಲಿ, ಇನ್ನೂ ಜಾಸ್ತಿ ಕೊಡಿ. ಆದ್ರೆ ಕರ್ನಾಟಕದ್ದೇ ಹಬ್ಬದಲ್ಲಿ ಕರ್ನಾಟಕದ್ದೇ ಜನರನ್ನು ವಿದೇಶದ ಅತಿಥಿಗಳ ಥರ ತೋರಿಸೋದಕ್ಕೆ ಕೊಡೋ ಕೂಲಿ ಅದಾಗಬಾರದು.

ಇದು ಬರೀ ಪದದ ಜಗಳ ಅಲ್ಲ. ಪೀಣ್ಯದಿಂದ ದೂರವೇನಲ್ಲದ ಸೋಲದೇವನಹಳ್ಳಿಯಲ್ಲಿ 2016ರ ಜನವರಿ ಕೊನೆಗೆ ಸುಡಾನಿನವನೊಬ್ಬನ ಕಾರು ಗುದ್ದಿ ಹೆಂಗಸೊಬ್ಬರು ಸತ್ತರು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊಡೆಯಿತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ, ಬಣ್ಣ ಒಂದನ್ನು ಬಿಟ್ಟು. ಅಂಥ ಊರಿಗೇ ಸಿದ್ದಿ ಹುಡುಗರು ಕೆಲಸ ಹುಡುಕಿ ಬರಬೇಕು, ಬಾಡಿಗೆ ಮನೆ ಕೇಳಬೇಕು. ವೇದಿಕೆ ಮೇಲೆ ನಾವು ಹಚ್ಚೋ ‘ಆಫ್ರಿಕನ್’ ಚೀಟಿ ಅವರ ಜೊತೆ ಗೇಟಿನಾಚೆಗೂ ಹೋಗುತ್ತೆ.

ಈ ಸಲದ ಸಮಿತಿಗೆ ಹೇಳಿದ್ದೇನೆ: ಪಟ್ಟಿಯಲ್ಲಿ ‘ಸಿದ್ದಿ ದಮಾಮಿ, ಉತ್ತರ ಕನ್ನಡ’ ಅಂತ ಬರೀರಿ. ಏನು ಉಡಬೇಕು ಅನ್ನೋದನ್ನ ಅವರಿಗೇ ಬಿಡಿ. ಪರಿಚಯದ ಮೈಕನ್ನೂ ಅವರ ಕೈಗೇ ಕೊಡಿ. ಅನುವಾದಕ್ಕೆ ಯಾರನ್ನೂ ಹುಡುಕಬೇಕಾಗಿಲ್ಲ.