ಒಬ್ಬ ಚಕ್ರವರ್ತಿ, ಮೂರು ಪ್ರತಿಮೆಗಳು

2019ರ ಫೆಬ್ರುವರಿಯಲ್ಲಿ ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬದಲ್ಲಿ, ಆಫ್ರಿಕಾ ಒಕ್ಕೂಟದ ಕೇಂದ್ರ ಕಚೇರಿಯ ಆವರಣದಲ್ಲಿ, ಚಕ್ರವರ್ತಿ ಹೈಲೆ ಸೆಲಾಸಿ ಅವರ ಪ್ರತಿಮೆ ಅನಾವರಣಗೊಂಡಿತು. ಮರುವರ್ಷದ ಜೂನ್ ಅಂತ್ಯದಲ್ಲಿ ಒರೊಮೊ ಜನಾಂಗದ ಜನಪ್ರಿಯ ಗಾಯಕ ಹಚಾಲು ಹುಂಡೆಸ್ಸಾ ಹತ್ಯೆಯಾದಾಗ ಅದೇ ಚಕ್ರವರ್ತಿಯ ಇನ್ನೊಂದು ಪ್ರತಿಮೆಯನ್ನು ಲಂಡನ್ನಿನ ವಿಂಬಲ್ಡನ್ ಉದ್ಯಾನದಲ್ಲಿ ಪುಡಿಗಟ್ಟಲಾಯಿತು. ಅವರ ತಂದೆ ರಾಸ್ ಮಕೊನ್ನೆನ್ ಅವರ ಪ್ರತಿಮೆಯನ್ನು ಹರಾರ್ ಪಟ್ಟಣದಲ್ಲಿ ಕೆಡವಲಾಯಿತು. ಇಷ್ಟಾದರೂ ಅಟ್ಲಾಂಟಿಕ್ ಸಾಗರದ ಆಚೆಯ ಜಮೈಕಾದಲ್ಲಿ ಅವರ ಭಾವಚಿತ್ರದ ಮುಂದೆ ಪ್ರಾರ್ಥನೆ ನಿಂತಿಲ್ಲ. ಒಬ್ಬನೇ ಅರಸ ಒಬ್ಬರಿಗೆ ಆಫ್ರಿಕಾದ ಏಕತೆಯ ಪಿತಾಮಹ, ಮತ್ತೊಬ್ಬರಿಗೆ ದಬ್ಬಾಳಿಕೆಯ ದೊರೆ, ಇನ್ನೊಬ್ಬರಿಗೆ ಸಾಕ್ಷಾತ್ ದೇವರು. ಈ ಮೂರರಲ್ಲಿ ಯಾವುದು ನಿಜ ಎಂಬ ಪ್ರಶ್ನೆ ಇಂದಿಗೂ ಇಥಿಯೋಪಿಯದ ರಾಜಕೀಯವನ್ನು ಕಲಕುತ್ತಲೇ ಇದೆ.

ಜಿನೀವಾದ ಎಚ್ಚರಿಕೆ

1892ರಲ್ಲಿ ಜನಿಸಿದ ತಫಾರಿ ಮಕೊನ್ನೆನ್ 1916ರಲ್ಲಿ ರಾಜಪ್ರತಿನಿಧಿಯಾಗಿ ಆಡಳಿತದ ಸೂತ್ರ ಹಿಡಿದರು. ಲೀಗ್ ಆಫ್ ನೇಷನ್ಸ್ ಎಂದು ಹೆಸರಾದ ರಾಷ್ಟ್ರಸಂಘಕ್ಕೆ 1923ರಲ್ಲಿ ಇಥಿಯೋಪಿಯವನ್ನು ಸೇರಿಸಿದ್ದು ಅವರ ಮೊದಲ ದೊಡ್ಡ ರಾಜತಾಂತ್ರಿಕ ಸಾಧನೆ. ಆಫ್ರಿಕಾದ ಬಹುಭಾಗ ಯುರೋಪಿನ ವಸಾಹತುಗಳಾಗಿದ್ದ ಕಾಲದಲ್ಲಿ, ಸದಸ್ಯತ್ವವೇ ತಮ್ಮ ದೇಶಕ್ಕೆ ರಕ್ಷಾಕವಚವಾದೀತೆಂದು ಅವರು ನಂಬಿದ್ದರು. 1930ರ ನವೆಂಬರ್ 2ರಂದು ಹೈಲೆ ಸೆಲಾಸಿ ಎಂಬ ಹೆಸರಿನಿಂದ ಅವರಿಗೆ ಪಟ್ಟಾಭಿಷೇಕವಾಯಿತು. ತ್ರಿಮೂರ್ತಿಯ ಶಕ್ತಿ, ಅಂದರೆ ಕ್ರೈಸ್ತ ತ್ರಿತ್ವದ ಬಲ, ಎಂಬುದು ಆ ಹೆಸರಿನ ಅರ್ಥ.

ಆ ಕವಚ ಎಷ್ಟು ತೆಳುವಾದುದು ಎಂಬುದು ಐದೇ ವರ್ಷಗಳಲ್ಲಿ ಬಯಲಾಯಿತು. 1935ರ ಅಕ್ಟೋಬರ್ 3ರಂದು ಮುಸೊಲಿನಿಯ ಇಟಲಿ ದಂಡೆತ್ತಿ ಬಂದಿತು. ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ನಿಷೇಧಿಸಲಾಗಿದ್ದ ವಿಷಾನಿಲವನ್ನು ಇಟಲಿಯ ವಿಮಾನಗಳು ಸೈನಿಕರ ಮೇಲೂ ಹಳ್ಳಿಗರ ಮೇಲೂ ಸುರಿದವು. ರಾಷ್ಟ್ರಸಂಘ ಆರ್ಥಿಕ ದಿಗ್ಬಂಧನ ವಿಧಿಸಿತಾದರೂ ಯುದ್ಧಯಂತ್ರವನ್ನು ಓಡಿಸುವ ತೈಲವನ್ನೇ ಪಟ್ಟಿಯಿಂದ ಹೊರಗಿಟ್ಟಿತು. ಇಟಲಿಯ ಹಡಗುಗಳಿಗೆ ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಮುಸೊಲಿನಿಯನ್ನು ಹಿಟ್ಲರನ ತೆಕ್ಕೆಗೆ ನೂಕಬಾರದೆಂಬುದು ಬ್ರಿಟನ್ ಮತ್ತು ಫ್ರಾನ್ಸಿನ ಲೆಕ್ಕಾಚಾರವಾಗಿತ್ತು. 1936ರ ಮೇ 5ರಂದು ಅಡಿಸ್ ಅಬಾಬ ಪತನಗೊಂಡಿತು.

ಅದೇ ವರ್ಷದ ಜೂನ್ 30ರಂದು ದೇಶಭ್ರಷ್ಟ ಚಕ್ರವರ್ತಿ ಜಿನೀವಾದ ಸಭೆಯಲ್ಲಿ ಎದ್ದು ನಿಂತರು. ಇಟಲಿಯ ಪತ್ರಕರ್ತರು ಶಿಳ್ಳೆ ಹೊಡೆದು ಗಲಭೆ ಎಬ್ಬಿಸಿದರು. ಅವರನ್ನು ಹೊರಹಾಕಿದ ಬಳಿಕ ಸೆಲಾಸಿ ಅಮ್ಹಾರಿಕ್ ಭಾಷೆಯಲ್ಲಿ ಮಾತನಾಡಿದರು. ಪಣಕ್ಕಿರುವುದು ಇಥಿಯೋಪಿಯ ಮಾತ್ರವಲ್ಲ, ಸಾಮೂಹಿಕ ಭದ್ರತೆಯ ತತ್ವವೇ; ಇಂದು ಒಂದು ಸಣ್ಣ ದೇಶವನ್ನು ಬಲಿಗೊಟ್ಟರೆ ನಾಳೆ ಉಳಿದವರ ಸರದಿ ಎಂಬುದು ಆ ಭಾಷಣದ ಸಾರ. ಕೆಲವೇ ದಿನಗಳಲ್ಲಿ ದಿಗ್ಬಂಧನವನ್ನೂ ಹಿಂಪಡೆಯಲಾಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಯುರೋಪೇ ಹೊತ್ತಿ ಉರಿಯಿತು.

ಸೆಲಾಸಿ ಮರಳಿ ಸಿಂಹಾಸನವೇರಿದ್ದು 1941ರಲ್ಲಿ. ಇಟಲಿಯನ್ನು ಪೂರ್ವ ಆಫ್ರಿಕಾದಿಂದ ಹೊರದಬ್ಬಿದ ಯುದ್ಧದಲ್ಲಿ ಭಾರತೀಯ ಸೈನಿಕರ ಪಾತ್ರವೂ ದೊಡ್ಡದು. ಎರಿಟ್ರಿಯದ ಕೆರೆನ್ ಬೆಟ್ಟಗಳಲ್ಲಿ ವಾರಗಟ್ಟಲೆ ನಡೆದ ಘೋರ ಕದನದಲ್ಲಿ ಭಾರತದ ನಾಲ್ಕನೇ ಮತ್ತು ಐದನೇ ಪದಾತಿ ಡಿವಿಷನ್‌ಗಳು ಮುಂಚೂಣಿಯಲ್ಲಿದ್ದವು.

ಉಪದೇಶ ಒಂದು, ಆಚರಣೆ ಇನ್ನೊಂದು

ಯುದ್ಧಾನಂತರ ಸೆಲಾಸಿ ಅವರ ವರ್ಚಸ್ಸು ಉತ್ತುಂಗಕ್ಕೇರಿತು. ಅಲಿಪ್ತ ರಾಷ್ಟ್ರಗಳ 1961ರ ಬೆಲ್‌ಗ್ರೇಡ್ ಸಮಾವೇಶದಲ್ಲಿ ಅವರಿದ್ದರು. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ನೈರುತ್ಯ ಆಫ್ರಿಕಾವನ್ನು ಆಳುತ್ತಿದ್ದ ರೀತಿಯನ್ನು ಪ್ರಶ್ನಿಸಿ ಲೈಬೀರಿಯದೊಡನೆ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದ್ದು ಇಥಿಯೋಪಿಯವೇ. 1963ರ ಮೇ 25ರಂದು ಅಡಿಸ್ ಅಬಾಬದಲ್ಲಿ ಆಫ್ರಿಕಾ ಏಕತಾ ಸಂಘಟನೆ ಜನ್ಮ ತಾಳಿತು. ಪರಸ್ಪರ ಗುಮಾನಿಯಿಂದ ಎರಡು ಬಣಗಳಾಗಿ ಒಡೆದಿದ್ದ ಹೊಸ ರಾಷ್ಟ್ರಗಳ ನಾಯಕರನ್ನು ಒಂದೇ ಮೇಜಿನ ಮುಂದೆ ಕೂರಿಸಿದ ಶ್ರೇಯ ಹೆಚ್ಚಾಗಿ ಅವರಿಗೇ ಸಲ್ಲಬೇಕು. ಇಂದಿನ ಆಫ್ರಿಕಾ ಒಕ್ಕೂಟ ಆ ಸಂಘಟನೆಯ ಉತ್ತರಾಧಿಕಾರಿ.

ಆದರೆ ಇದರ ಬೆನ್ನಿಗೇ ಮತ್ತೊಂದು ಅಧ್ಯಾಯವಿದೆ. ವಿಶ್ವಸಂಸ್ಥೆಯ ನಿರ್ಣಯದಂತೆ 1952ರಲ್ಲಿ ಎರಿಟ್ರಿಯ ಸ್ವಾಯತ್ತ ಘಟಕವಾಗಿ ಇಥಿಯೋಪಿಯದೊಂದಿಗೆ ಸೇರಿತ್ತು. ಹತ್ತೇ ವರ್ಷಗಳಲ್ಲಿ, ಅಂದರೆ ಏಕತಾ ಸಂಘಟನೆ ಹುಟ್ಟುವ ಹಿಂದಿನ ವರ್ಷವೇ, ಸೆಲಾಸಿ ಆ ಸ್ವಾಯತ್ತತೆಯನ್ನು ರದ್ದುಪಡಿಸಿ ಅದನ್ನು ಒಂದು ಪ್ರಾಂತ್ಯವಾಗಿಸಿದರು. ವಿಶ್ವಸಂಸ್ಥೆ ಸುಮ್ಮನಿತ್ತು. ಸಣ್ಣ ರಾಷ್ಟ್ರಗಳಿಗೆ ಕಾನೂನಿನ ರಕ್ಷಣೆ ಬೇಕೆಂದು ಜಿನೀವಾದಲ್ಲಿ ವಾದಿಸಿದವರು ತಮ್ಮ ಮನೆಯಂಗಳದಲ್ಲಿ ಆ ಕಾನೂನನ್ನೇ ಬದಿಗೊತ್ತಿದ್ದು ಚರಿತ್ರೆಯ ಕ್ರೂರ ವಿಪರ್ಯಾಸ. ಮೂವತ್ತು ವರ್ಷಗಳ ಯುದ್ಧದ ನಂತರ 1993ರಲ್ಲಿ ಎರಿಟ್ರಿಯ ಸ್ವತಂತ್ರವಾಯಿತು. ಇಥಿಯೋಪಿಯ ತನ್ನ ಕಡಲ ತೀರವನ್ನು ಪೂರ್ತಿ ಕಳೆದುಕೊಂಡಿತು. ಬಂದರಿಗಾಗಿ 2024ರ ಜನವರಿಯಲ್ಲಿ ಸೋಮಾಲಿಲ್ಯಾಂಡ್ ಜತೆ ಮಾಡಿಕೊಂಡ ಒಡಂಬಡಿಕೆ ಸೋಮಾಲಿಯವನ್ನು ಕೆರಳಿಸಿದ್ದರ ಬೇರು ಇಲ್ಲಿಯವರೆಗೂ ಚಾಚಿದೆ.

ದೇಶದೊಳಗಿನ ಚಿತ್ರವೂ ಭಿನ್ನವಾಗಿರಲಿಲ್ಲ. ದಕ್ಷಿಣದ ಪ್ರಾಂತ್ಯಗಳಲ್ಲಿ ಭೂಮಿ ಶ್ರೀಮಂತ ಸರದಾರರ ಕೈಯಲ್ಲಿತ್ತು. ಒರೊಮೊ ಮತ್ತಿತರ ರೈತರು ಗೇಣಿದಾರರಾಗಿದ್ದರು. ಉಳುವವನಿಗೇ ಭೂಮಿ ಎಂದು 1965ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರೂ ಸುಧಾರಣೆ ಕಾಗದದಲ್ಲೇ ಉಳಿಯಿತು. 1973ರಲ್ಲಿ ವೊಲ್ಲೊ ಪ್ರಾಂತ್ಯ ಭೀಕರ ಕ್ಷಾಮಕ್ಕೆ ತುತ್ತಾಯಿತು. ಸರ್ಕಾರ ಅದನ್ನು ಮುಚ್ಚಿಡಲು ನೋಡಿತು. ಬ್ರಿಟಿಷ್ ಪತ್ರಕರ್ತ ಜೊನಾಥನ್ ಡಿಂಬಲ್ಬಿ ಅವರ ಸಾಕ್ಷ್ಯಚಿತ್ರ ಅದನ್ನು ಜಗತ್ತಿಗೆ ತೋರಿಸಿತು. 1974ರ ಸೆಪ್ಟೆಂಬರ್ 12ರಂದು ಸೇನಾಧಿಕಾರಿಗಳು ಚಕ್ರವರ್ತಿಯನ್ನು ಪದಚ್ಯುತಗೊಳಿಸಿದರು. ಮರುವರ್ಷದ ಆಗಸ್ಟ್‌ನಲ್ಲಿ ಅವರು ಬಂಧನದಲ್ಲೇ ಸತ್ತರು.

ದೇವರಾದ ದೊರೆ

ಇತಿಹಾಸದ ಈ ಮನುಷ್ಯ ಜಮೈಕಾದಲ್ಲಿ ದೇವರಾದ ಬಗೆ ಇನ್ನೂ ಕುತೂಹಲಕರ. ಗುಲಾಮಗಿರಿ ಕೊನೆಗೊಂಡು ನೂರು ವರ್ಷವಾಗುತ್ತ ಬಂದಿದ್ದರೂ ಅಲ್ಲಿನ ಕಪ್ಪು ಜನರ ಬಡತನ ಮತ್ತು ಅವಮಾನ ಕರಗಿರಲಿಲ್ಲ. ಕಪ್ಪು ಜನ ಆಫ್ರಿಕಾದತ್ತ ಮುಖಮಾಡಬೇಕೆಂಬ ಮಾರ್ಕಸ್ ಗಾರ್ವೆಯ ಪ್ರಚಾರ ನೆಲವನ್ನು ಹದಗೊಳಿಸಿತ್ತು. ಅಂಥ ಹೊತ್ತಿನಲ್ಲಿ ರಾಜಾಧಿರಾಜ, ಯೂದಾ ಕುಲದ ಸಿಂಹ ಎಂಬ ಬಿರುದುಗಳೊಂದಿಗೆ ಒಬ್ಬ ಕಪ್ಪು ಅರಸ ಪಟ್ಟವೇರಿದ ಸುದ್ದಿ ಬೈಬಲ್ ಓದಿದ್ದವರಿಗೆ ಭವಿಷ್ಯವಾಣಿಯ ನೆರವೇರಿಕೆಯಾಗಿ ಕಂಡಿತು. ರಾಸ್ ತಫಾರಿ ಎಂಬ ಅವರ ಹಳೆಯ ಹೆಸರೇ ಪಂಥದ ಹೆಸರಾಯಿತು. 1933ರಲ್ಲಿ ಈ ಮತವನ್ನು ಸಾರತೊಡಗಿದ ಲಿಯೊನಾರ್ಡ್ ಹೋವೆಲ್‌ಗೆ ವಸಾಹತು ಸರ್ಕಾರ ಮರುವರ್ಷ ರಾಜದ್ರೋಹದ ಆರೋಪದಡಿ ಜೈಲು ಶಿಕ್ಷೆ ವಿಧಿಸಿತು. ಸ್ವಾರಸ್ಯವೆಂದರೆ, ದೇಶ ಬಿಟ್ಟು ಹೋದ ಚಕ್ರವರ್ತಿಯನ್ನು ಗಾರ್ವೆ ಸ್ವತಃ ಕಟುವಾಗಿ ಟೀಕಿಸಿದರು.

1966ರ ಏಪ್ರಿಲ್ 21ರಂದು ಸೆಲಾಸಿ ಕಿಂಗ್‌ಸ್ಟನ್‌ನಲ್ಲಿ ಇಳಿದಾಗ ವಿಮಾನ ನಿಲ್ದಾಣದಲ್ಲಿ ಜನಸಾಗರವೇ ನೆರೆದಿತ್ತು. ಮೂರು ವರ್ಷ ಹಿಂದಷ್ಟೇ ಕೋರಲ್ ಗಾರ್ಡನ್ಸ್ ಪ್ರಕರಣದ ನೆಪದಲ್ಲಿ ಪೊಲೀಸರಿಂದ ಬೇಟೆಗೊಳಗಾಗಿದ್ದ ರಸ್ತಾಫರಿಗಳಿಗೆ ಅಂದು ಸರ್ಕಾರಿ ಸಮಾರಂಭದಲ್ಲಿ ಸ್ಥಾನ ದೊರೆಯಿತು. ಮುಂದೆ ಬಾಬ್ ಮಾರ್ಲೆ ಈ ನಂಬಿಕೆಯನ್ನು ರೆಗೇ ಸಂಗೀತದ ಮೂಲಕ ಜಗತ್ತಿಗೆ ಮುಟ್ಟಿಸಿದರು. 1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಸೆಲಾಸಿ ಮಾಡಿದ ಭಾಷಣವೇ ಅವರ ಒಂದು ಪ್ರಸಿದ್ಧ ಹಾಡಿನ ಸಾಹಿತ್ಯವಾಯಿತು. ಕೋರಲ್ ಗಾರ್ಡನ್ಸ್ ದೌರ್ಜನ್ಯಕ್ಕೆ ಜಮೈಕಾ ಸರ್ಕಾರ ಕ್ಷಮೆ ಕೋರಿದ್ದು 2017ರಲ್ಲಿ.

ಸೆಲಾಸಿ ಮಾತ್ರ ಕೊನೆಯವರೆಗೂ ಇಥಿಯೋಪಿಯದ ಆರ್ಥೊಡಾಕ್ಸ್ ಚರ್ಚಿನ ಶ್ರದ್ಧಾವಂತ ಕ್ರೈಸ್ತರಾಗಿದ್ದರು. ಆಫ್ರಿಕಾಕ್ಕೆ ಮರಳಬಯಸುವ ಕಪ್ಪು ಜನರಿಗೆ ಅವರು ಕೊಟ್ಟ ಶಶಮನೆಯ ಜಮೀನಿನ ಬಹುಭಾಗವನ್ನು 1975ರಲ್ಲಿ ಸೇನಾಡಳಿತ ರಾಷ್ಟ್ರೀಕರಣಗೊಳಿಸಿತು. ಅಲ್ಲಿ ನೆಲೆಸಿದವರು ದಶಕಗಳ ಕಾಲ ಪೌರತ್ವವಿಲ್ಲದೆ ಬದುಕಿದರು. ಗುರುತಿನ ಚೀಟಿ ನೀಡುವ ನಿರ್ಧಾರಕ್ಕೆ 2017ರವರೆಗೆ ಕಾಯಬೇಕಾಯಿತು. ಅರಮನೆಯ ನೆಲದಡಿ ಪತ್ತೆಯಾದ ಚಕ್ರವರ್ತಿಯ ಅವಶೇಷಗಳಿಗೆ 2000ದ ನವೆಂಬರ್‌ನಲ್ಲಿ ಅಂತ್ಯಸಂಸ್ಕಾರ ನಡೆದಾಗಲೂ ಅನೇಕ ರಸ್ತಾಫರಿಗಳು ಆ ಸಾವನ್ನೇ ಒಪ್ಪಲಿಲ್ಲ.

ಅವರ ಈ ನಂಬಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ತಲೆತಗ್ಗಿಸಿ ನಡೆಯುವಂತೆ ಮಾಡಿದ್ದ ಸಮಾಜದಲ್ಲಿ ತಲೆಯೆತ್ತಲು ಅದು ಬಲ ಕೊಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ಹಾಗೆಯೇ ವೊಲ್ಲೊದ ಹಸಿವು, ಎರಿಟ್ರಿಯದ ಸಮಾಧಿಗಳು, ಒರೊಮೊ ರೈತನ ಗೇಣಿ ಕೂಡ ಅಷ್ಟೇ ನಿಜ. ಹತ್ತಾರು ಜನಾಂಗಗಳ ಇಥಿಯೋಪಿಯ 2020ರಿಂದ 2022ರವರೆಗೆ ಟಿಗ್ರೆಯ ಅಂತರ್ಯುದ್ಧದಲ್ಲಿ ಬೆಂದುಹೋಯಿತು. ಒಂದು ಗುಂಪು ಚಕ್ರವರ್ತಿಯ ಪ್ರತಿಮೆ ನಿಲ್ಲಿಸಿ, ಇನ್ನೊಂದು ಒಡೆಯುತ್ತ ಕೂತರೆ ಅಲ್ಲಿನ ಗಾಯಗಳು ಮಾಯಲಾರವು. ಜಿನೀವಾದಲ್ಲಿ ನ್ಯಾಯ ಕೇಳಿದವರೂ ಎರಿಟ್ರಿಯಕ್ಕೆ ನ್ಯಾಯ ನಿರಾಕರಿಸಿದವರೂ ಒಬ್ಬರೇ ಎಂಬುದನ್ನು ಒಪ್ಪಿಕೊಂಡರೆ ಮಾತ್ರ ಆ ದೇಶ ತನ್ನ ಗತದೊಡನೆ ರಾಜಿಯಾದೀತು.