ಮಾನಸಿಕ ಪ್ರಥಮ ಚಿಕಿತ್ಸೆ: ತರಬೇತಿ ಯಾರಿಗೆ ಸಲ್ಲಬೇಕು?

ಎದೆ ಹಿಡಿದುಕೊಂಡು ಕುಸಿದವನನ್ನು ಕಂಡರೆ ದಾರಿಹೋಕರೂ ನೆರವಿಗೆ ಧಾವಿಸುತ್ತಾರೆ. ಬದುಕೇ ಬೇಡವೆಂದು ಮೌನಕ್ಕೆ ಶರಣಾದವನ ಬಳಿ ಮಾತು ತೆಗೆಯಲು ಮನೆಯವರೂ ಅಂಜುತ್ತಾರೆ. ಈ ಅಂಜಿಕೆಗೆ ತೆರಬೇಕಾದ ಬೆಲೆ ದೊಡ್ಡದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅಂಕಿಅಂಶಗಳ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಗೆ ಬಲಿಯಾದರು. ಆ ಪೈಕಿ 13,606 ಸಾವುಗಳು ಸಂಭವಿಸಿದ್ದು ಕರ್ನಾಟಕದಲ್ಲಿ. ಆ ವರ್ಷ ಅತಿ ಹೆಚ್ಚು ಆತ್ಮಹತ್ಯೆ ದಾಖಲಾದ ಐದು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇಷ್ಟು ದೊಡ್ಡ ಹೊರೆಯನ್ನು ಮನೋವೈದ್ಯರ ಮೇಲೆ ಮಾತ್ರ ಹೊರಿಸಲಾಗದು. ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಇಲ್ಲ. ಈ ಪ್ರಮಾಣ 0.75 ಎಂಬುದನ್ನು ಸಂಸದೀಯ ಸ್ಥಾಯಿ ಸಮಿತಿಯೇ 2023ರಲ್ಲಿ ಎತ್ತಿ ತೋರಿಸಿತ್ತು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಖಿನ್ನತೆ, ಆತಂಕದಂತಹ ಸಾಮಾನ್ಯ ಮಾನಸಿಕ ಕಾಯಿಲೆಗಳಿಂದ ಬಳಲುವ ನೂರು ಮಂದಿಯಲ್ಲಿ 85 ಮಂದಿ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು. ಹೀಗಾಗಿ ಜನಸಾಮಾನ್ಯರಿಗೇ ತರಬೇತಿ ನೀಡಬೇಕೆಂಬ ವಾದ ಬಲ ಪಡೆದುಕೊಂಡಿದೆ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ, 2030ರ ವೇಳೆಗೆ ಆತ್ಮಹತ್ಯೆ ಸಾವುಗಳನ್ನು ಶೇ. 10ರಷ್ಟು ತಗ್ಗಿಸುವ ಗುರಿಯನ್ನೂ ಇಟ್ಟುಕೊಂಡಿದೆ.

ಕಲಿಸುವುದೇನು?

'ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆ' ಎಂಬ ಹೆಸರಿನ ತರಬೇತಿ ಆರಂಭವಾದದ್ದು 2000ದಲ್ಲಿ, ಆಸ್ಟ್ರೇಲಿಯಾದಲ್ಲಿ. ಬೆಟ್ಟಿ ಕಿಚನರ್ ಹಾಗೂ ಟೋನಿ ಜಾರ್ಮ್ ದಂಪತಿ ರೂಪಿಸಿದ ಈ ಪಾಠಕ್ರಮ ಬಳಿಕ ಹಲವು ದೇಶಗಳಿಗೆ ಹಬ್ಬಿತು. ಅದರ ಸಾರ ಸರಳ: ಅಪಾಯದ ಲಕ್ಷಣಗಳನ್ನು ಗುರುತಿಸುವುದು, ತೀರ್ಪು ಕೊಡದೆ ಆಲಿಸುವುದು, ಧೈರ್ಯ ಹಾಗೂ ಸರಿಯಾದ ಮಾಹಿತಿ ನೀಡುವುದು, ತಜ್ಞರ ಬಳಿಗೆ ತಲುಪಿಸುವುದು.

ಇಲ್ಲಿ ಬಹುಮುಖ್ಯವಾದದ್ದು ಒಂದು ತಪ್ಪು ನಂಬಿಕೆಯ ನಿವಾರಣೆ. ಸಾಯುವ ಯೋಚನೆ ಇದೆಯೇ ಎಂದು ಕೇಳಿಬಿಟ್ಟರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ವ್ಯಾಪಕವಾಗಿದೆ. ಸಂಶೋಧನೆಗಳು ಇದನ್ನು ಅಲ್ಲಗಳೆದಿವೆ. ನೇರವಾಗಿ, ಕಾಳಜಿಯಿಂದ ಕೇಳುವುದು ಅಪಾಯ ಹೆಚ್ಚಿಸುವುದಿಲ್ಲ. ಬಾಯಿಬಿಟ್ಟು ಹೇಳಿಕೊಳ್ಳಲು ದಾರಿ ಮಾಡಿಕೊಡುತ್ತದೆ. ಅಂಥವರನ್ನು ಒಂಟಿಯಾಗಿ ಬಿಡಬಾರದು, ಕೀಟನಾಶಕದಂತಹ ಅಪಾಯಕಾರಿ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಳ್ಳಬೇಕು ಎಂಬುದೂ ಈ ಪಾಠದ ಭಾಗ. 'ಎಲ್ಲ ಸರಿಹೋಗುತ್ತದೆ ಬಿಡು' ಎಂಬ ಒಣ ಸಾಂತ್ವನ ಇದಕ್ಕೆ ಬದಲಿಯಾಗದು.

ಬಳ್ಳಾರಿಯ ಪಾಠ

ಕರ್ನಾಟಕಕ್ಕೆ ಇದು ಹೊಸದಾಗಿ ಆಮದಾದ ವಿಚಾರವೇನಲ್ಲ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್ 1970ರ ದಶಕದಲ್ಲೇ ಗ್ರಾಮೀಣ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ನೀಡಿತ್ತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ನಡೆದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಲ್ಲಿ ತರಬೇತಿ ಪಡೆದವರ ಬೆನ್ನಿಗೆ ಔಷಧಿ, ವೈದ್ಯರು ಹಾಗೂ ಮೇಲ್ವಿಚಾರಣೆಯ ವ್ಯವಸ್ಥೆ ಇತ್ತು ಎಂಬುದು ಗಮನಾರ್ಹ.

ಗೋವಾದ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಸ್ಥಳೀಯರನ್ನೇ ಸಲಹೆಗಾರರನ್ನಾಗಿ ತರಬೇತುಗೊಳಿಸಿದರು. ತೀವ್ರ ಖಿನ್ನತೆಯಿದ್ದವರಲ್ಲಿ ಅವರ ನೆರವು ಪಡೆದವರು, ಮಾಮೂಲಿ ಚಿಕಿತ್ಸೆಯಷ್ಟನ್ನೇ ಪಡೆದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಚೇತರಿಸಿಕೊಂಡ ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಸಲಹೆಗಾರರ ಕೆಲಸದ ಮೇಲೆ ನಿರಂತರ ನಿಗಾ ಇತ್ತು.

ಇದಕ್ಕೆ ಹೋಲಿಸಿದರೆ ಸಭಾಂಗಣದಲ್ಲಿ ಒಂದು ದಿನ ಉಪನ್ಯಾಸ ಕೇಳಿಸಿ ಪ್ರಮಾಣಪತ್ರ ಹಂಚುವ ಶಿಬಿರಗಳ ಉಪಯೋಗ ಸೀಮಿತ. ಆಸ್ಟ್ರೇಲಿಯಾ ಮಾದರಿಯ ತರಬೇತಿಯಿಂದ ಕಲಿತವರ ತಿಳಿವಳಿಕೆ, ಆತ್ಮವಿಶ್ವಾಸ ಹೆಚ್ಚುತ್ತದೆ ಎಂಬುದಕ್ಕೆ ಆಧಾರಗಳಿವೆ. ಆದರೆ ಸಂಕಟದಲ್ಲಿರುವವರ ಸ್ಥಿತಿ ಅದರಿಂದ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು 2023ರ ಕಾಕ್ರೇನ್ ಪರಾಮರ್ಶೆ ಹೇಳಿದೆ.

ಬೇಕಾದವರಿಗೆ ತಲುಪಿದೆಯೇ?

ಇನ್ನೊಂದು ಪ್ರಶ್ನೆ, ಯಾರಿಗೆ ತರಬೇತಿ ಎಂಬುದು. ಐಟಿ ಕಂಪೆನಿ, ಕಾಲೇಜುಗಳಲ್ಲಿ ಶಿಬಿರ ಏರ್ಪಡಿಸುವುದು ಸುಲಭ. 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಮಂದಿ ದಿನಗೂಲಿಗಳು. ಇವರ ಸಂಕಟ ಮೊದಲು ಕಣ್ಣಿಗೆ ಬೀಳುವುದು ಮೇಸ್ತ್ರಿ, ಕಿರಾಣಿ ಅಂಗಡಿಯವನು, ಸ್ತ್ರೀಶಕ್ತಿ ಸಂಘದ ಸದಸ್ಯೆ, ಆಟೋ ಚಾಲಕ, ಅಕ್ಕಪಕ್ಕದ ಮನೆಯವರಿಗೆ. ತರಬೇತಿ ಅವರ ಬಳಿಗೆ, ಅವರ ಮಾತಿನಲ್ಲಿ ಹೋಗಬೇಕು. ಎಲ್ಲವನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಗೌರವಧನ ಹೆಚ್ಚಳಕ್ಕಾಗಿ ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತಿದ್ದನ್ನು ಮರೆಯುವಂತಿಲ್ಲ.

ನೆರವಿಗೆ ಹೋದರೆ ಪೊಲೀಸ್ ಠಾಣೆ ಅಲೆಯಬೇಕಾದೀತೆಂಬ ಅಳುಕೂ ಜನರಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಧಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಸೆಕ್ಷನ್ ಉಳಿದಿಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ನಡೆಸುವ ಯತ್ನವಷ್ಟೇ ಅಪರಾಧ. ಇದನ್ನು ಪ್ರತಿ ತರಬೇತಿಯಲ್ಲೂ ಹೇಳಬೇಕು.

ಕೊನೆಗೂ ಉಳಿಯುವುದು, ಕೈಹಿಡಿದು ಕರೆದೊಯ್ಯುವುದು ಎಲ್ಲಿಗೆ ಎಂಬ ಪ್ರಶ್ನೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳುಹಿಸುವ 'ಮನೋಚೈತನ್ಯ' ಯೋಜನೆಯನ್ನು ರಾಜ್ಯ ರೂಪಿಸಿತ್ತು. ಆದರೆ ಬಿಕ್ಕಟ್ಟು ಮಂಗಳವಾರವನ್ನೇ ಕಾದು ಬರುವುದಿಲ್ಲ. ನೆರೆಯವರಿಗೆ ಆಲಿಸುವುದನ್ನು ಕಲಿಸಿದ ಸರ್ಕಾರ, ಅವರು ಕರೆತಂದವರಿಗಾಗಿ ತಾಲ್ಲೂಕು ಆಸ್ಪತ್ರೆಯ ಬಾಗಿಲನ್ನು ವಾರದ ಏಳೂ ದಿನ ತೆರೆದಿಡಬೇಕು. ಇಲ್ಲವಾದರೆ ತರಬೇತಿ ಎಂಬುದು ಸರ್ಕಾರ ತನ್ನ ಹೊಣೆಯನ್ನು ಜನರ ಹೆಗಲಿಗೆ ದಾಟಿಸುವ ಅಗ್ಗದ ಉಪಾಯವಾಗಿಬಿಡುತ್ತದೆ.